ತೊಂಬತ್ತು ಸೆಕೆಂಡು

ಬ್ಯಾಂಕಿನವರು ಕೊಟ್ಟದ್ದು ತೊಂಬತ್ತು ಸೆಕೆಂಡು.
ಸೆಕೆಂಡಿಗೆ ಹನ್ನೆರಡು ಚಿತ್ರ; ಲೆಕ್ಕ ಹಾಕಿದರೆ
ಸಾವಿರದ ಎಂಬತ್ತು ಸಲ
ದುಡ್ಡಿನ ಮುಖ ಬರೆಯಬೇಕು ನಾನು.
ಹದಿನಾಲ್ಕರ ಮಕ್ಕಳಿಗೆ ಉಳಿತಾಯ ಕಲಿಸಬೇಕು,
ಹೆದರಿಸಬಾರದು, ಬೇಜಾರು ಹಿಡಿಸಬಾರದು,
ಹಂದಿಮರಿಯ ಹುಂಡಿ ಬೇಡ, ಹಳೆಯದಾಯಿತು,
ಬಡ್ಡಿ ಎಂಬ ಮಾತು ಬಂದಾಗ ಹಿಂದೆ
ಯುಕುಲೆಲೆ ಇರಲಿ, ಎಂದರು.

ಡಂಡೀ ಊರಿನ ಡಿಸೆಂಬರು. ಮೂರೂವರೆಗೇ ದೀಪ.
ಟೇ ನದಿಯ ಮೇಲೆ ರೈಲು ಹೋದರೆ
ಕಿಟಕಿಗಳ ಸಾಲು ಮಾತ್ರ ಹೋಗುತ್ತದೆ, ರೈಲಿಲ್ಲ.
ನಾನೊಂದು ನಾಣ್ಯ ಬರೆದೆ. ದುಂಡಗೆ,
ಕಾಲೆರಡು, ಕೆಂಪು ಬೂಟು, ಕೆನ್ನೆಯಲ್ಲಿ ಗುಳಿ.
ಇಶ್‌ಬೆಲ್ ಅದಕ್ಕೆ ದನಿ ಕೊಟ್ಟಳು, ನೆಗಡಿಯಲ್ಲೇ.
ನಾಣ್ಯ ಹಾಸಿಗೆಯ ಮೇಲೆ ಮಲಗುತ್ತದೆ,
ಚಾದರ ಎಳೆದುಕೊಳ್ಳುತ್ತದೆ, ಕಣ್ಣು ಮಿಟುಕಿಸಿ
"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುತ್ತದೆ.
ಚೆನ್ನಾಗಿದೆ ಎಂದುಕೊಂಡೆವು. ನಿಜಕ್ಕೂ ಚೆನ್ನಾಗಿತ್ತು.

ಶಾಲೆಯಲ್ಲಿ ತೋರಿಸಿದೆವು, ಊಟದ ಹಾಲಿನಲ್ಲಿ,
ವಿನೆಗರಿನ ವಾಸನೆ, ಇಪ್ಪತ್ತಾರು ಮಂದಿ.
ನಕ್ಕರು, ನಗಬೇಕಾದಲ್ಲೇ.
ಕೊನೆಗೆ ಒಬ್ಬಳು, ಮಾರ್ನಿ ಎಂದು ಹೆಸರು,
ಕೈಯೆತ್ತದೆ ಕೇಳಿದಳು:
"ನಮ್ಮನೆ ಹಾಸಿಗೆಯಲ್ಲಿ ಮೂವರು. ಆರು ಕಾಲು.
ಮಡಚಿಕೊಳ್ಳಬೇಕಾದ್ದು ಯಾರದ್ದು?"

ಟೀಚರ್ ಕೆಮ್ಮಿದರು.
ನಾಣ್ಯ ಪರದೆಯ ಮೇಲೆ, ನಿಂತುಹೋದ ಚಿತ್ರದಲ್ಲಿ,
ನಗುತ್ತಲೇ ಇತ್ತು.

ಆಮೇಲೆ ಕಾರಿಡಾರಿನಲ್ಲಿ ಸಿಕ್ಕಳು.
ಹೇಳಿದಳು, ದೂರಿನಂತಲ್ಲ,
ಬಸ್ಸಿನ ನಂಬರು ಹೇಳುವ ಹಾಗೆ:
ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಕರೆಂಟಿನ ಮೀಟರು.
ಮೊದಲು ದುಡ್ಡು ತುಂಬಬೇಕು, ಆಮೇಲೆ ಬೆಳಕು.
ಮುಗಿದರೆ ಮೀಟರೇ ಹತ್ತು ಪೌಂಡ್ ಕಡ ಕೊಡುತ್ತದೆ,
ಬೈಯದೆ, ಏನಕ್ಕೆ ಎಂದು ಕೇಳದೆ.
ಅಮ್ಮ ಶುಕ್ರವಾರ ಇಪ್ಪತ್ತು ತುಂಬಿದರೆ
ಹತ್ತು ಹೋಗುವುದು ಆಗಲೇ ಉರಿದುಹೋದ ಬೆಳಕಿಗೆ.
"ಹಳೇ ಬೆಳಕು ಅಂತೀವಿ ಅದನ್ನ," ಎಂದಳು.
"ನಿಮ್ಮ ದುಡ್ಡಿಗೆ ಕಾಲಿದೆ. ನಮ್ಮದಕ್ಕೆ ಬರೀ ಸದ್ದು."
ಸ್ವಲ್ಪ ತಡೆದು: "ಇದಕ್ಕೆ ನಿಮಗೆಷ್ಟು ಸಿಗುತ್ತೆ?"

ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ.
ಬಿಚ್ಚಿರಲಿಲ್ಲ ಅದು.

ಆ ರಾತ್ರಿ ನದಿಯ ಮೇಲೆ ಮಂಜು. ಸ್ಟುಡಿಯೋದ ಹೀಟರು
ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ.
ನಮ್ಮ ಕಸುಬಿನಲ್ಲಿ ಹೀಗೆ: ಮುಖ್ಯ ಚಿತ್ರ ಎರಡು ಮೊದಲು,
ಎತ್ತಿದ ಕೈ, ಇಳಿದ ಕೈ.
ನಡುವಿನವು ಯಾರ ಕಣ್ಣಿಗೂ ಬೀಳದವು,
ಬೆನ್ನು ನೋಯುವಷ್ಟು ಹೊತ್ತು ಕೂತು ಬರೆಯುವವು.
ಕೈ ಇಳಿಯುವುದು ಅಲ್ಲಿ.
ಶುಕ್ರವಾರದ ಇಪ್ಪತ್ತು, ಗುರುವಾರದ ಸೊನ್ನೆ
ಎರಡನ್ನೂ ಬರೆದಿದ್ದೆ; ನಡುವಿನ ಐದು ದಿನ
ಖಾಲಿ ಹಾಳೆ ತಿರುವಿದ್ದೆ.

ಬೂಟು ಅಳಿಸಿದೆ. ಗುಳಿ ಅಳಿಸಿದೆ. ಕೊನೆಗೆ ಹಾಸಿಗೆ.
ಕಪಾಟಿನ ಬಾಗಿಲು ಬರೆದೆ, ತಡಕುವ ಬೆರಳು ಬರೆದೆ.
ಇಶ್‌ಬೆಲ್ ತನ್ನ ಅತ್ತೆಯ ಮನೆಗೆ ಹೋಗಿ
ಮೀಟರಿನ ಬೀಪನ್ನು ಫೋನಿನಲ್ಲಿ ಹಿಡಿದು ತಂದಳು.
ಆಮೇಲೆ ಎಂಟು ಸೆಕೆಂಡು ಕತ್ತಲು. ತೊಂಬತ್ತಾರು ಚಿತ್ರ,
ಒಂದೊಂದನ್ನೂ ಕಪ್ಪು ಬಳಿದೇ ಬರೆದೆ;
ನಕಲು ಒತ್ತಬಹುದಿತ್ತು, ಒತ್ತಲಿಲ್ಲ.

ಬ್ಯಾಂಕಿನವರು ನೋಡಿ, ಎಂಟು ಹೆಚ್ಚಾಯಿತು ಎಂದರು.
ನಾಲ್ಕು ಸಾಕು. ಚೌಕಾಸಿ ನಡೆಯಿತು ಕತ್ತಲಿಗೆ,
ಸಂತೆಯ ಸೊಪ್ಪಿಗೆ ನಡೆಯುವಂತೆ.
ಐದೂವರೆಗೆ ನಿಂತಿತು.
ಯುಕುಲೆಲೆ ಉಳಿಯಿತು, ಶುರುವಿಗೆ ಮಾತ್ರ.

ಬಿಲ್ಲು ಕಳಿಸಿ ಅರವತ್ತು ದಿನ. ಹಣ ಬಂದಿಲ್ಲ.
ನಾನು ಬರೆಯುವ ಈ ಪರದೆಯ ಮೇಲೆ ಇನ್ನೂ ಹನ್ನೊಂದು ಕಂತು,
ಕೊಂಡಾಗ ಬಡ್ಡಿಯ ಸಾಲು ಓದಿರಲಿಲ್ಲ ನಾನು,
ಸಣ್ಣಕ್ಷರ.
ಮಾರ್ನಿಗೆ ಉತ್ತರ ಬರೆದಿಟ್ಟಿದ್ದೇನೆ, ಒಂದು ಸಂಖ್ಯೆ,
ಅದರಲ್ಲಿ ಮೊದಲ ಮುಕ್ಕಾಲು
ಹಳೇ ಬೆಳಕಿಗೆ.