ನಾಲ್ಕು ಬೋಲ್ಟು

ಝಳಕಿ ಕ್ರಾಸಿನ್ಯಾಗ ಲಾಡ್ಲೇಸಾಬನ ಶೆಡ್ಡು.
ಗಾಡಿ ರಿವರ್ಸ್ ತಗೊಂಡು ನಿಲ್ಲಿಸಿದೆ.
ಅಂವಾ ಪೆಟ್ಟಿಗಿ ಕಡೆ ನೋಡಲಿಲ್ಲ,
ಗೋಣಿಚೀಲ ಹಾಸಿ ಸೀದಾ ಗಾಡಿ ಬುಡಕ ಹೋದ.

"ಮ್ಯಾಲ ತೂತು ಯಾಂವ ಬೇಕಾದಾಂವ ಹಾಕ್ತಾನ,"
ಬುಡದಿಂದ ದನಿ ಬಂತು,
"ಕೆಳಗ ಏನೈತಿ ಅಂತ ಮೊದಲ ಕೇಳಬೇಕು.
ಇಲ್ಲಿ ಡೀಸೆಲ್ ಟಾಕಿ. ಇಲ್ಲಿ ಬ್ರೇಕಿನ ನಳಿಗಿ.
ಇಲ್ಲಿ ವಾಯರು.
ಹಾಂ, ಇಲ್ಲೈತಿ ನೋಡು ಅಡ್ಡಪಟ್ಟಿ. ಇದು ಹಿಡೀತೈತಿ."
ಬೆರಳಿನ ಗೆಣ್ಣಿಲೆ ಟಣ್ ಅಂತ ಬಡದ.

ಪೆಟ್ಟಿಗಿ ಹಳೀದು, ದಪ್ಪ ತಗಡಿಂದು.
ಚೈನ್ ಪಾನಾ, ಪೈಪ್ ಪಾನಾ, ಮೆಗ್ಗರು,
ತಾಮ್ರದ ತಂತಿ, ಬುಶ್ಶು, ಗ್ರೀಸಿನ ಡಬ್ಬಿ,
ಒಂದ ಕಿವಿ ಮುರಿದ ಚಾದ ಕಪ್ಪು.
ಕ್ವಿಂಟಲಿಗೆ ಐದು ಕಿಲೋ ಕಮ್ಮಿ.
ಇಂಡಿಯೊಳಗ ಲಿಂಬಿಕಾಯಿ ತೂಗೋ ಕಾಟಾದ ಮ್ಯಾಲ
ಇಬ್ಬರೂ ನಕ್ಕೋತ ತೂಗಿದ್ವಿ ಒಮ್ಮೆ.
ಮುಚ್ಚಳದ ಮ್ಯಾಲ ಕೆಂಪು ಬಣ್ಣ, ವಾಲಿದ ಅಕ್ಷರ:
ಸಾತಲಿಂಗ ಮಾಳಿಂಗ ಸಬ್‌ಮರ್ಸಿಬಲ್ ರಿಪೇರಿ.

ಹೋದ ತಿಂಗಳು ಹೊರ್ತಿ ದಾಟಿದ ಮ್ಯಾಲ
ಎಮ್ಮಿ ಅಡ್ಡ ಬಂತು, ಬ್ರೇಕ್ ತುಳದೆ.
ಎಮ್ಮಿ ಉಳೀತು.
ಹಿಂದಿನಿಂದ ಪೆಟ್ಟಿಗಿ ಜಾರಿ ಬಂದು
ಕ್ಯಾಬಿನ್ನಿಗೆ ಗುದ್ದಿದ ಸಪ್ಪಳ
ಇನ್ನೂ ಬೆನ್ನಾಗ ಐತಿ.

"ಇಷ್ಟು ವರ್ಷ ಹೆಂಗ ನಿಂತಿತ್ತಿದು?"
"ಹಗ್ಗ ಕಟ್ಟಿದ್ವಿ."
"ಹಗ್ಗ ಇದನ್ನ ಹಿಡಿಯೂದಿಲ್ಲ," ಅಂದಾಂವ
ಪೆಟ್ಟಿಗಿ ಮಗ್ಗಲ ಒರಸಿ ತೋರಿಸಿದ.
ಬಣ್ಣ ಸವದು ಬೆಳ್ಳಗಾದ ಎರಡು ಗುರುತು,
ಅಂಗೈಯಷ್ಟು ಅಗಲ, ಮೊಳ ಅಂತರ.

ಹನ್ನೊಂದು ವರ್ಷ
ಮಾಳಿಂಗ ಒಮ್ಮೆನೂ ಕ್ಯಾಬಿನ್ನಿನ್ಯಾಗ ಕುಂತಾಂವಲ್ಲ.
ಒಳಗ ಸೆಕಿ ಅಂತಿದ್ದ. ನನ್ನ ಬೀಡಿ ನಿನಗಾಗೂದಿಲ್ಲ ಅಂತಿದ್ದ.
ಹಿಂದ, ಬಾಗಿಲಿಗೆ ಬೆನ್ನು ಹಚ್ಚಿ,
ತಲಿಗೆ ಟಾವೆಲ್ ಸುತ್ತಿ,
ಎರಡೂ ಕಾಲು ಪೆಟ್ಟಿಗಿಗೆ ಕೊಟ್ಟು ಕುಂಡ್ರತಿದ್ದ.
ಕನ್ನಡಿಯೊಳಗ ನೋಡಿ ನಾ ಅಂತಿದ್ದೆ,
ಮಗಾ ಗಾಳಿಗೆ ಕುಂತಾನ.

ದೀಪಾವಳಿ ಪಾಡ್ಯಕ್ಕ ಲೆಕ್ಕ ಹರದ್ವಿ.
ಒಂದು ಹತ್ತು ಎಚ್‌ಪಿ ಮೋಟರಿನ ಬಿಲ್ಲು,
ಅಂವಾ ಕೊಟ್ಟೀನಿ ಅಂದ, ನಾ ಬಂದಿಲ್ಲ ಅಂದೆ.
ವೈಂಡಿಂಗ್ ಮಷೀನು ಅವಂಗ. ಗಾಡಿ, ಪೆಟ್ಟಿಗಿ ನನಗ.
ಜತ್ತಿನ್ಯಾಗ ಅಂಗಡಿ ಹಾಕ್ಯಾನಂತ,
ಮರಾಠಿ ಬೋರ್ಡು ಅಂತ.
ಕಾಲಿನ ಲೆಕ್ಕ ಯಾರೂ ಬರೀಲಿಲ್ಲ.

ಡ್ರಿಲ್ಲು ಚೀರಿತು. ತಗಡಿನ ಸುರುಳಿ ಬಿಸಿ ಬಿಸಿ ಉದುರಿದ್ವು.
ತೂತಿನ ಅಂಚಿಗೆ ರೆಡ್ ಆಕ್ಸೈಡ್, ಮಗುವಿಗೆ ಕಾಡಿಗಿ ಹಚ್ಚಿದಂಗ.
ಹಳೆ ಟಾಯರ್ ಕೊಯ್ದು ರಬ್ಬರ್ ಪಟ್ಟಿ.
ಡಾಲಾದ ಗೆರಿ ತಗ್ಗಿನ್ಯಾಗ ಪೈಪಿನ ತುಂಡು.
ಕೆಳಗ ದೊಡ್ಡ ವಾಶರು, ರೂಪಾಯಿಗಿಂತ ದೊಡ್ಡದು.
ಸಡಲದ ನಟ್ಟು, ಒಳಗ ನೀಲಿ ಉಂಗರ ಇದ್ದದ್ದು.
ನಾ ಮ್ಯಾಲ ಪಾನಾ ಹಿಡದಿದ್ದೆ, ಅಂವಾ ಕೆಳಗ ತಿರುವತಿದ್ದ,
ಒಬ್ಬರ ಮಾರಿ ಒಬ್ಬರಿಗೆ ಕಾಣದ ಕೆಲಸ.

"ಇನ್ನಷ್ಟು ಬಿಗಿ," ಅಂದೆ.
"ಬ್ಯಾಡ. ರಬ್ಬರ್ ತುಸು ಉಬ್ಬಿತಿಲ್ಲೋ, ಸಾಕು.
ಇದರ ಮ್ಯಾಲ ಬಿಗದರ ತಗಡು ಸೋಲತೈತಿ."

ಕೈ ಒರಸಿಕೋತ ಮುಚ್ಚಳ ನೋಡಿದ.
"ಗ್ರೇ ಬಣ್ಣ ಉಳದೈತಿ. ಆ ಹೆಸರು ಹೊಡೀಲೇನು?"
"ಬ್ಯಾಡ. ಅದಕ್ಕ ಬ್ಯಾರೆ ರೊಕ್ಕ ಕೇಳ್ತಿ."
ಅಂವಾ ನಗಲಿಲ್ಲ. ಬ್ರಶ್ಶು ಡಬ್ಬಿಗೆ ಇಟ್ಟ.

ಕ್ರಾಸಿನ ಹಂಪಿನ ಮ್ಯಾಲ ಬೇಕಂತ ಜೋರ ಹಾರಿಸಿದೆ.
ಹಿಂದ ಏನೂ ಸಪ್ಪಳಿಲ್ಲ.
ಕನ್ನಡಿಯೊಳಗ ಪೆಟ್ಟಿಗಿ ತನ್ನ ಜಾಗಾದಾಗ.
ಬಾಗಿಲ ಹತ್ತರ ಬಿಸಲು ಕುಂತಿತ್ತು.

ಹೊಂಡುವಾಗ ಲಾಡ್ಲೇಸಾಬ ಹೇಳಿದ್ದ:
"ಹೊಸಾ ಬೋಲ್ಟು ಕುಂಡ್ರಾಕ ಟೈಮ್ ಬೇಕು.
ನೂರು ಕಿಲೋಮೀಟರ್ ಓಡಿಸಿ ಬಾ,
ಮತ್ತೊಮ್ಮೆ ಬಿಗೀತೀನಿ."

ಚಡಚಣದ ಮ್ಯಾಲ ಹಾಸಿ
ಜತ್ತಿಗೆ ಹೋಗಿ ಬಂದರ
ನೂರರ ಮ್ಯಾಲ ಸ್ವಲ್ಪ ಆಗತೈತಿ.