ಬಾಗಿಲ ಹಿಂದಿನ ಗೀಟು

ನಮ್ಮ ಮಾತಿನಲ್ಲಿ ದೆಲ್ಫಿನಾ ಎಂದರೆ ಡಾಲ್ಫಿನ್ನಿನ ನೆಂಟಸ್ತಿಕೆಯ ಹೆಸರು.
ಹೆಸರಿಟ್ಟವರಿಗೇನು ಗೊತ್ತು,
ಅರವತ್ತೊಂದು ತುಂಬಿದರೂ ಈಕೆ
ಮೊಣಕಾಲಿನಾಚೆಗೆ ಕಡಲನ್ನು ಬಿಟ್ಟುಕೊಂಡವಳಲ್ಲ.

ಪೋರ್ಟೊದಿಂದ ಬಸ್ಸಿಗೆ ಒಂದು ಗಂಟೆ ನಮ್ಮ ಬಂದರು.
ಅಲ್ಲಿ ಗೋಡೆಗೊರಗಿ, ಕಡಲಿಗೆ ಬೆನ್ನು ಹಾಕಿ
ನಲವತ್ತೈದು ವರ್ಷ ಬಲೆಯ ತೂತು ಮುಚ್ಚಿದವಳು.
(ಬಲೆ ಅಂದರೆ ತೂತೇ ಅಲ್ಲವೇ ಎಂದು ನಗಾಡಿದರೆ
ಬೇಕಾದ ತೂತು ಬೇರೆ, ಬೇಡದ ತೂತು ಬೇರೆ ಅನ್ನುತ್ತಾಳೆ.)

ಯಾರೋ ಮುಳುಗಿರಬೇಕು, ಅದಕ್ಕೇ ಈ ಹಟ
ಎಂದು ಕತೆ ಕಟ್ಟಬೇಡಿ.
ಅವಳ ಮನೆಯಲ್ಲಿ ಯಾರೂ ಮುಳುಗಿಲ್ಲ.
ಗಂಡ ಝೆಫೆರಿನೊ ಅಡುಗೆಮನೆಯಲ್ಲಿ ಕೂತು ರೇಡಿಯೊ ಕೇಳುತ್ತಾನೆ.
ಒಂದು ಮಾರ್ಚ್ ಮುಂಜಾನೆ ಬ್ರೆಡ್ಡಿಗೆ ಬಂದವಳು
ಚಿಲ್ಲರೆ ಎಣಿಸುತ್ತಾ ಹೇಳಿದಳು:
"ಅಲೆತಡೆಯ ಒಳಗೆ ಹಳದಿ ಬುರುಡೆ ತೇಲುತ್ತದಲ್ಲ,
ಚಳಿಗಾಲದೊಳಗೆ ಅದನ್ನು ಮುಟ್ಟಬೇಕು."
ಮೀನಿನ ರೇಟು ಹೇಳಿದ ಹಾಗೆ.

ನಾನು ಬೇಕರಿಯವನು. ನಾಲ್ಕಕ್ಕೆ ಎದ್ದು ಹಿಟ್ಟು ನಾದುತ್ತೇನೆ.
ಸಿಗರೇಟು ಬಿಡುವುದರಲ್ಲಿ ಪಳಗಿದ ಕೈ; ಏಳು ಸಲ ಬಿಟ್ಟಿದ್ದೇನೆ.
ಹಾಗಾಗಿ ಶಪಥದ ಮೊದಲ ವಾರ ನನಗೆ ಗೊತ್ತು:
ಹೊಸ ಚಪ್ಪಲಿ, ಕಚ್ಚುವುದೂ ಹಿತ.

ಮೊದಲ ದಿನ ಮೊಣಕಾಲು.
ಎಂಟನೇ ದಿನ ಸೊಂಟ, ಜೊತೆಗೊಂದು ಬೈಗುಳ,
ಐಸಿನ ಗೋದಾಮಿನವರೆಗೂ ಕೇಳಿಸಿತು.
ಏಪ್ರಿಲ್ಲಿಗೆ ಮುಖ ಅದ್ದಿದಳು.
ಮೇ ತಿಂಗಳಲ್ಲಿ ನಾಲ್ಕು ಕೈಬೀಸು, ನಲವತ್ತು ಕೆಮ್ಮು.
ಕಲಿಸಿದವಳು ಪಕ್ಕದ ಮನೆಯ ಮಫಾಲ್ಡಾ, ಹನ್ನೆರಡರ ಹುಡುಗಿ;
ಗುರುದಕ್ಷಿಣೆ ದಿನಕ್ಕೊಂದು ಸಿಹಿ ಬನ್ನು, ನನ್ನ ಲೆಕ್ಕಕ್ಕೆ.

ನೀರಿಗಿಳಿದ ದಿನಕ್ಕೊಂದು ಗೀಟು,
ಅಡುಗೆಮನೆ ಬಾಗಿಲ ಹಿಂದೆ, ಸೀಮೆಸುಣ್ಣದಲ್ಲಿ.

ಜೂನಿನಲ್ಲಿ ಹನ್ನೊಂದು ದಿನ ಗೀಟಿಲ್ಲ.
ಮಂಡಿನೋವು ಅಂದಳು. ಮಂಜು ಅಂದಳು.
ಆಮೇಲೆ ಸುಮ್ಮನಾದಳು, ಅದೇ ನಿಜವಾದ ಕಾರಣ.
ಹನ್ನೆರಡನೇ ದಿನ, ಹೋಗದೆಯೇ, ಒಂದು ಗೀಟೆಳೆದಳಂತೆ.
ಯಾರು ಕೇಳುತ್ತಾರೆ? ಬಾಗಿಲೂ ಅವಳದೇ, ಸುಣ್ಣವೂ ಅವಳದೇ.
ನಡುರಾತ್ರಿ ಎದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದಳು.
ಒರೆಸಿದ ಜಾಗ ಈಗಲೂ ಇದೆ,
ಅಷ್ಟೂ ಗೀಟುಗಳ ನಡುವೆ ಅಂಗೈಯಗಲ ಮಸುಕು.
ಬಾಗಿಲ ತುಂಬ ನನ್ನ ಕಣ್ಣಿಗೆ
ಸರಿಯಾಗಿ ಓದಲು ಬಂದದ್ದು ಅದೊಂದೇ.

ಯಾವುದೋ ದೇಶದಲ್ಲಿ, ಹಡಗಿನವನೊಬ್ಬ ಹೇಳಿದ್ದ,
'ನಾಳೆ ಬಾ' ಎಂದು ಬಾಗಿಲಿಗೆ ಬರೆದರೆ
ದೆವ್ವ ಓದಿಕೊಂಡು ವಾಪಸು ಹೋಗುತ್ತದಂತೆ,
ಮರುರಾತ್ರಿ ಮತ್ತೆ ಬರುತ್ತದಂತೆ.
ದೆವ್ವವೇ ವಾಸಿ.
ಶಪಥಕ್ಕೆ ಒಮ್ಮೆ ನಾಳೆ ಬಾ ಅಂದು ನೋಡಿ,
ಮಾನಸ್ಥ ಪ್ರಾಣಿ, ಮತ್ತೆ ಈ ಬೀದಿಗೇ ಬರುವುದಿಲ್ಲ.
ನನ್ನ ಏಳೂ ಹಾಗೇ ಹೋದವು.

ಅಕ್ಟೋಬರಿನ ಒಂದು ಮಂಗಳವಾರ
ಕೂದಲಿಂದ ನೀರು ಸೋರುತ್ತಾ ಅಂಗಡಿಗೆ ಬಂದಳು.
"ಮುಟ್ಟಿದೆ. ಪಾಚಿ ಕಟ್ಟಿದೆ. ಜಾರುತ್ತೆ."
ಅಷ್ಟೇ. ಎರಡು ಬ್ರೆಡ್ಡು, ಎಂದಿನಂತೆ.
ಸಂಭ್ರಮಕ್ಕೆ ಒಲೆ ಮರೆತು ಒಂದು ತಟ್ಟೆ ಬನ್ನು ಸೀಯಿಸಿದವನು ನಾನು.

ಬುಧವಾರ ನೋಡಿದರೆ ಮತ್ತೆ ಒದ್ದೆ ಕೂದಲು.
"ಇನ್ನೇನು ಬಾಕಿ?"
ಆಚೀಚೆ ನೋಡಿ, ದನಿ ಇಳಿಸಿ:
"ಹೋಗಿದ್ದು ನಾನೇ.
ವಾಪಸು ತಂದದ್ದು ಮತ್ತಿ ಮೀನಿನ ದೋಣಿಯ ಅಬಿಲಿಯೊ.
ಹಿಡಿದೆತ್ತಿ ಬಲೆಯ ಮೇಲೆ ಕೆಡವಿದ,
ಅದೂ ನಾನೇ ಹೊಲಿದ ಬಲೆ.
ಮುಟ್ಟುವವರೆಗಷ್ಟೇ ಲೆಕ್ಕ ಹಾಕಿದ್ದೆ ಮಾರಾಯ,
ದಡವೂ ಅಷ್ಟೇ ದೂರ ಇರುತ್ತೆ ಅಂತ ಹೊಳೆದಿರಲಿಲ್ಲ."

ಬಾಗಿಲ ಹಿಂದೆ ಈಗ ಹೊಸ ಸಾಲು ಶುರುವಾಗಿದೆ.

ನಿನ್ನೆ ಅವಳ ಹತ್ತಿರ ಒಂದು ತುಂಡು ಸೀಮೆಸುಣ್ಣ ಕೇಳಿದೆ.
ಯಾಕೆ ಎನ್ನಲಿಲ್ಲ, ಅರ್ಧ ಮುರಿದು ಕೊಟ್ಟಳು.
ಜೇಬಿನಲ್ಲಿದೆ.
ಲೈಟರಿನ ಪಕ್ಕದಲ್ಲೇ.