ನೀರು ಬಿಟ್ಟ ದಿನ

ಫಾರಮ್ಮು ಕೇಳುತ್ತದೆ: ಕೊನೆಯ ಮುಟ್ಟಿನ ದಿನಾಂಕ?
ನಾನು ಓದಿ ಹೇಳಲಿಲ್ಲ. ಪಾಲಕ್ಕನೇ ಕೇಳಿದಳು,
ಅದೇನು ಬರದೈತೆ ತಾಯಿ, ಪೆನ್ನು ನಿಂತೈತಲ್ಲ ಅಲ್ಲಿ.
ಹೇಳಿದೆ.
ಎಪ್ಪತ್ತನಾಲ್ಕರ ಮುಖದಲ್ಲಿ, ಊದಿದ ತುಟಿಯಲ್ಲೇ,
ಒಂದು ನಗು ಬಂದು ಕೂತು ಎದ್ದುಹೋಯಿತು.
‘ನಮ್ಮ ಸಣ್ಣೋಳಿಗೆ ಮಗ ಹುಟ್ಟಿದ ವರ್ಸ.
ಆ ಹುಡುಗ ಈಗ ಲಾರಿ ಓಡಿಸ್ತಾನೆ.’

ಹರೆಯದವರಿಗೆಂದೇ ಅಚ್ಚು ಹಾಕಿಸಿದ ಹಾಳೆ.
ಅಡ್ಡಗೆರೆ ಎಳೆದೆ. ಮುಂದಿನ ಕಾಲಂ.

ರಾತ್ರಿ ಡ್ಯೂಟಿಯ ಡಾಕ್ಟರು, ಹೊಸಬ, ಕೆಟ್ಟವನಲ್ಲ,
ತೋಳು ನೋಡಿ ಬರೆದಿದ್ದ: ಕಂದು ಕಲೆಗಳು, ವಯೋಸಹಜ.
ಅವಳನ್ನು ಮತ್ತೊಮ್ಮೆ ಕೇಳಿ, ದೀಪ ಹತ್ತಿರ ತಂದು
ಸ್ಕೇಲು ಇಟ್ಟೆ.
ಈ ಕಡೆ ನಾಲ್ಕು. ಆ ಕಡೆ ಒಂದು.
ವಯಸ್ಸಿಗೆ ಹೆಬ್ಬೆರಳು ಇರುತ್ತದೆಯೇ ಸಾರ್, ಅಂದೆ.
ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ.

ಮುದಿ ಚರ್ಮ ತೆಳುವು. ಬೇಗ ಕಲೆಗಟ್ಟುತ್ತದೆ,
ಬೇಗ ಬಿಟ್ಟುಕೊಡುವುದಿಲ್ಲ.
ಬೇರೆಯವರಲ್ಲಿ ವಾರಕ್ಕೆ ಮಾಯುವುದು
ಅವಳಲ್ಲಿ ಮೂರು ವಾರ ಇತ್ತು,
ನೀಲಿ, ಹಸಿರು, ಹಳದಿ. ಪ್ರತಿ ಸಲ ಫೋಟೋ.
ಸೀರೆ, ಉಗುರು, ಹತ್ತಿಯ ಕಡ್ಡಿ, ಅರಗಿನ ಮುದ್ರೆ
ದಾವಣಗೆರೆ ಲ್ಯಾಬಿಗೆ ಹೋದವು
ಬಸ್ಸಿನಲ್ಲಿ, ಪೊಲೀಸಿನವಳ ಮಡಿಲಲ್ಲಿ.

ಬಾಗಿಲು ಮುಚ್ಚಿದ ಕೋರ್ಟು. ನಾನೂ ಸಾಕ್ಷಿ, ಹೊರಗೆ ಬೆಂಚಿನ ಮೇಲೆ.
ಒಳಗಿನದನ್ನು ಸರ್ಕಾರಿ ವಕೀಲೆ ಆಮೇಲೆ ಹೇಳಿದರು.
ಅವನ ಕಡೆಯವರು ಬಲು ಮೆತ್ತಗೆ ‘ಅಜ್ಜೀ’ ಅಂದರಂತೆ.
‘ಪಾಲಕ್ಕ ಅಂತ ಬರ್ಸೀನಿ.’
ಯಾವ ತಾರೀಖು?
ಗೊತ್ತಿಲ್ಲ.
ಯಾವ ವಾರ?
ಗೊತ್ತಿಲ್ಲ.
ಹಾಗಾದರೆ ನೆನಪಿಲ್ಲವೆಂದು ಬರೆಸಬಹುದಲ್ಲ—
‘ನೀರು ಬಿಟ್ಟ ದಿನ. ಎಂಟು ದಿನ ಕಾದಿದ್ದೆ.
ಅಗಣಿ ಹಾಕಿರ್ಲಿಲ್ಲ, ನಲ್ಲಿ ಹೊರಗೈತೆ.
ಮೂರನೇ ಕೊಡ ಅರ್ಧ ತುಂಬಿತ್ತು.
ಆಮೇಲೆ ತುಂಬಿ ಚೆಲ್ಲಿದ್ದು, ಚೆಲ್ಲಿದ್ದು,
ಒಳಗೆ ಕೇಳಿಸ್ತಾನೇ ಇತ್ತು.’

ಟೈಪಿಸ್ಟಿನ ಬೆರಳು ನಿಂತವಂತೆ.

ಬುರುಜನಹಟ್ಟಿಯ ನೀರುಗಂಟಿ ಮೂಡಲಪ್ಪ
ವಾಲ್ವು ತಿರುಗಿಸಿದ್ದನ್ನೆಲ್ಲ ಬರೆದಿಡುವ ಮನುಷ್ಯ,
ಜನ ಜಗಳಕ್ಕೆ ಬರ್ತಾರಲ್ಲ, ಅದಕ್ಕೆ.
ರಟ್ಟಿನ ಮೇಲೆ ಮಗಳ ಹೆಸರು, ಏಳನೇ ತರಗತಿ, ಸಮಾಜ.
ಒಳಗೆ: ತಾ. ೧೯. ನಾಲ್ಕನೇ ಅಡ್ಡರಸ್ತೆ.
ಬಿಟ್ಟಿದ್ದು ೪-೧೦. ನಿಲ್ಲಿಸಿದ್ದು ೫-೪೦.
ನಿಶಾನೆ ಪಿ-೧೪.

ಫಾರಮ್ಮಿನಲ್ಲಿ ಆ ಕಾಲಂ ಈಗಲೂ ಇದೆ.

ತೀರ್ಪಿನ ದಿನ ಪಾಲಕ್ಕ ಬರಲಿಲ್ಲ. ಫೋನು ಮಾಡಿದೆ.
ಹನ್ನೆರಡು ವರ್ಷ, ಅಂದೆ.
ಆ ಕಡೆ ಧೋ ಎನ್ನುವ ಸದ್ದು.
‘ತಡಿ ತಾಯಿ,’ ಅಂದಳು, ‘ಕೊಡ ತುಂಬೈತೆ.’
ನಲ್ಲಿ ತಿರುಗಿಸಿದ್ದು ಕೇಳಿಸಿತು.